ಸೊಂಟದ ಕೀಲೂ ಶುಕ್ರವಾರದ ಕ್ರಿಕೆಟ್ಟೂ

ಶುಕ್ರವಾರ ಬೆಳಗಿನ ಕ್ರಿಕೆಟ್ಟಿಗೆ ಅಲ್ ಖೋಬರಿನ ನಾವು ಕನ್ನಡಿಗರು ಎಷ್ಟು ಉತ್ಸಾಹದಿಂದ ಹೊರಡುತ್ತೇವೆಂಬುದನ್ನು ಓದುಗ ಬಂಧುಗಳಿಗೆ ಹೇಳಬೇಕಾಗಿಲ್ಲ. ವಾರವಿಡೀ ಹವಾನಿಯಂತ್ರಿತ ಕೋಣೆಯಲ್ಲಿ ಕುರ್ಚಿಗೆ ಅಂಟಿಕೊಂಡವರು ಆ ಮೂರು ಗಂಟೆ ಇಪ್ಪತ್ತರ ಹರೆಯದವರಾಗಿಬಿಡುತ್ತೇವೆ. ಕಳೆದ ಚಳಿಗಾಲದಲ್ಲಿ ಹಾಗೆಯೇ ಒಂದು ಚೆಂಡಿನ ಹಿಂದೆ ಓಡಿ, ಕಾಲು ಅಗಲಿಸಿ ಬಗ್ಗಿದಾಗ, ನಮ್ಮ ಬಲ ತೊಡೆಸಂದಿನಲ್ಲಿ ಚಳಕ್ ಎಂದಿತು. ಮೂರು ವಾರ ಸುಮ್ಮನಿದ್ದೆವು; ನೋವು ಹೋಯಿತು. ನಾಲ್ಕನೆಯ ಶುಕ್ರವಾರ ಮೈದಾನಕ್ಕಿಳಿದೆವು. ಎರಡನೆಯ ಓವರಿಗೇ ನೋವು ಮರಳಿತು. ಹೀಗೆ ಎರಡು ಸಲ ಆಯಿತು.

ಕೊನೆಗೆ ಒಂದು ಚಿಕಿತ್ಸಾಲಯಕ್ಕೆ ಹೋದರೆ, ಕಾಲು ಮುಟ್ಟಿ ನೋಡುವ ಮೊದಲೇ ಎಂ.ಆರ್.ಐ. ಚೀಟಿ ಕೈಗೆ ಬಂತು. ಸೊಂಟದ ಕೀಲಿನ ಅಂಚುಪಟ್ಟಿ ಹರಿದಿದೆಯೆಂದು ವರದಿ ಹೇಳಿತು. ಶಸ್ತ್ರಚಿಕಿತ್ಸೆಯ ಮಾತೂ ಬಂತು. ಆ ರಾತ್ರಿ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ವೃತ್ತಿಯಿಂದ ನಾವು ರಸಾಯನಶಾಸ್ತ್ರದವರು, ವೈದ್ಯರಲ್ಲ. ಆದರೆ ಒಂದೇ ಅಳತೆಯನ್ನು ನಂಬಿ ತೀರ್ಮಾನಕ್ಕೆ ಬರಬಾರದೆಂಬುದು ನಮ್ಮ ಪ್ರಯೋಗಶಾಲೆಯ ಮೊದಲ ಪಾಠ. ಆದ್ದರಿಂದ ಇನ್ನೊಬ್ಬ ವೈದ್ಯರನ್ನು ಕಂಡೆವು. ಒಂದಿಷ್ಟು ಓದಿಯೂ ನೋಡಿದೆವು. ತಿಳಿದುಬಂದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಸೊಂಟದ ಕೀಲು ಎಂದರೆ ಬಟ್ಟಲಿನೊಳಗೆ ಕುಳಿತ ಗುಂಡು. ತೊಡೆಮೂಳೆಯ ತುದಿಯೇ ಗುಂಡು. ಸೊಂಟದ ಮೂಳೆಯಲ್ಲಿನ ಕುಳಿಯೇ ಬಟ್ಟಲು. ಬಟ್ಟಲಿನ ಬಾಯಿಯ ಸುತ್ತ ಮೆತ್ತನೆಯ ಪಟ್ಟಿಯೊಂದಿದೆ. ವರದಿಯಲ್ಲಿ ಹರಿದಿದ್ದುದು ಇದೇ. ಆದರೆ 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸೊಂಟದ ನೋವೇ ಇಲ್ಲದ 45 ಮಂದಿಯ ಎಂ.ಆರ್.ಐ. ತೆಗೆದು ನೋಡಿದಾಗ, ಶೇಕಡಾ 69 ಕೀಲುಗಳಲ್ಲಿ ಆ ಪಟ್ಟಿ ಹರಿದಂತೆ ಕಂಡಿತ್ತು! ಅಂದರೆ ಹರಿತ ಕಂಡಿತೆಂಬ ಮಾತ್ರಕ್ಕೆ ನೋವಿಗೆ ಅದೇ ಕಾರಣವೆನ್ನುವಂತಿಲ್ಲ. ಚಿತ್ರ ಸುಳ್ಳು ಹೇಳುವುದಿಲ್ಲ; ಆದರೆ ನಾವು ಕೇಳದ ಪ್ರಶ್ನೆಗೂ ಉತ್ತರ ಕೊಟ್ಟುಬಿಡುತ್ತದೆ.

ನೋವಿನ ಹೆಸರುಗಳೂ ಗೊಂದಲವೇ. ಸುರತ್ಕಲ್ಲಿನಲ್ಲಿ ಬೆಳೆದ ನಮ್ಮ ಕೆ.ಎಲ್. ರಾಹುಲ್ 2022ರ ಜೂನ್ ತಿಂಗಳಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಭಾರತ ತಂಡವನ್ನು ಮುನ್ನಡೆಸಬೇಕಾಗಿತ್ತು. ಸರಣಿಯ ಮುನ್ನಾದಿನ ಬಲ ತೊಡೆಸಂದಿನ ನೋವಿನಿಂದ ಹೊರಬಿದ್ದರು. ಅದೇ ತಿಂಗಳು ಜರ್ಮನಿಯಲ್ಲಿ ಸ್ಪೋರ್ಟ್ಸ್ ಹರ್ನಿಯಾ ಎಂದು ಶಸ್ತ್ರಚಿಕಿತ್ಸೆಯಾಯಿತು. ಆಗಸ್ಟ್‌ನಲ್ಲಿ ಜಿಂಬಾಬ್ವೆಯ ಪ್ರವಾಸದಲ್ಲಿ ನಾಯಕರಾಗಿಯೇ ಮರಳಿದರು. ವಿಶೇಷವೆಂದರೆ ಇದು ಸಾಮಾನ್ಯ ಹರ್ನಿಯಾ ಅಲ್ಲ, ಕರುಳು ಹೊರಚಾಚಿರುವುದಿಲ್ಲ. ಕೆಳಹೊಟ್ಟೆಯ ಭಿತ್ತಿ ತೊಡೆಸಂದಿನ ಬಳಿ ದುರ್ಬಲವಾಗಿ ನೋಯುತ್ತದೆ. ಒಂದೇ ನೋವಿಗೆ ಒಬ್ಬೊಬ್ಬ ವೈದ್ಯರು ಒಂದೊಂದು ಹೆಸರಿಟ್ಟರೆ ರೋಗಿಯ ಗತಿಯೇನು?

ಈ ಗೊಂದಲ ನಿವಾರಣೆಗೆಂದು 2014ರ ನವೆಂಬರಿನಲ್ಲಿ 14 ದೇಶಗಳ 24 ತಜ್ಞರು ಸೇರಿದ್ದು ನಮ್ಮ ನೆರೆಯಲ್ಲೇ, ಸಲ್ವಾ ಗಡಿ ದಾಟಿ ಕಾರಿನಲ್ಲೇ ಹೋಗಬಹುದಾದ ದೋಹಾದಲ್ಲಿ. ಅಲ್ಲಿ ಆದ ಒಪ್ಪಂದದ ಸಾರ ಸರಳ. ಆಟಗಾರನ ತೊಡೆಸಂದು ನೋವು ನಾಲ್ಕು ಮೂಲಗಳಲ್ಲಿ ಒಂದರದು: ತೊಡೆಯ ಒಳಬದಿಯ ಸ್ನಾಯು, ಕಾಲನ್ನು ಮೇಲೆತ್ತುವ ಒಳಸ್ನಾಯು, ಕೆಳಹೊಟ್ಟೆಯ ಭಿತ್ತಿ, ಮುಂಭಾಗದ ಸೊಂಟಮೂಳೆಯ ಕೂಡುಸ್ಥಾನ. ಇವಲ್ಲದೆ ಸೊಂಟದ ಕೀಲೇ ಮೂಲವಾಗಿರಬಹುದು. ಬೇರೆ ಕಾರಣಗಳೂ ಇರಬಹುದು. ಇವನ್ನು ಬೇರ್ಪಡಿಸುವ ಮೊದಲ ಸಾಧನ ಯಂತ್ರವಲ್ಲ, ವೈದ್ಯರ ಕೈ: ಎಲ್ಲಿ ಒತ್ತಿದರೆ ನೋವು, ಯಾವ ಸ್ನಾಯುವನ್ನು ತಡೆದು ಬಿಗಿಸಿದರೆ ನೋವು.

ನಮ್ಮ ಎರಡನೆಯ ವೈದ್ಯರು ಮಾಡಿದ್ದೂ ಅದನ್ನೇ. ಮಲಗಿಸಿ, ಮೊಣಕಾಲುಗಳ ನಡುವೆ ತಮ್ಮ ಮುಷ್ಟಿಯಿಟ್ಟು, "ಒತ್ತಿ" ಎಂದರು. ಒತ್ತಿದೊಡನೆ ನಮ್ಮ ಹಳೆಯ ನೋವು ಅದೇ ಜಾಗದಲ್ಲಿ ಹಾಜರಾಯಿತು. ಮೊಣಕಾಲು ಮಡಿಸಿ ಎದೆಯತ್ತ ತಂದು ಒಳಕ್ಕೆ ತಿರುಗಿಸಿದರು, ಕೀಲು ದೂರಲಿಲ್ಲ. ಕೀಲಿನದೇ ತೊಂದರೆಯಾಗಿದ್ದರೆ ಸಾಮಾನ್ಯವಾಗಿ ಈ ಭಂಗಿಯಲ್ಲಿ ನೋಯುತ್ತದೆ. ನೋಯದಿದ್ದರೆ ಕೀಲಿನ ಮೇಲಿನ ಅನುಮಾನ ಬಹಳ ಕಡಿಮೆಯಾಗುತ್ತದೆ. ತೀರ್ಮಾನ: ಒಳತೊಡೆಯ ಸ್ನಾಯು. ಹರಿದ ಪಟ್ಟಿ ಬಹುಶಃ ಎಷ್ಟೋ ವರ್ಷಗಳಿಂದ ತನ್ನಷ್ಟಕ್ಕೆ ತಾನಿತ್ತು.

ಹಾಗಾದರೆ ವಿಶ್ರಾಂತಿಯಿಂದ ಏಕೆ ಗುಣವಾಗಲಿಲ್ಲ? ವಿಶ್ರಾಂತಿ ನೋವನ್ನು ಕಳೆಯುತ್ತದೆ, ಬಲವನ್ನು ಕೊಡುವುದಿಲ್ಲ. 1999ರಲ್ಲಿ ಡೆನ್ಮಾರ್ಕಿನ ಪೆರ್ ಹೋಲ್ಮಿಚ್ ಮತ್ತು ಸಂಗಡಿಗರು ಬಹುಕಾಲದ ಒಳತೊಡೆ ನೋವಿನ 68 ಕ್ರೀಡಾಪಟುಗಳನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಕ್ರಮವಾದ ವ್ಯಾಯಾಮ. ಇನ್ನೊಂದಕ್ಕೆ ಮಸಾಜು, ಎಳೆತ, ಲೇಸರ್ ಮುಂತಾದ ಉಪಚಾರ. ಕೊನೆಯಲ್ಲಿ ವ್ಯಾಯಾಮದ ಗುಂಪಿನ 23 ಮಂದಿ ನೋವಿಲ್ಲದೆ ಆಟಕ್ಕೆ ಮರಳಿದರು; ಉಪಚಾರದ ಗುಂಪಿನಲ್ಲಿ ಬರೀ 4 ಮಂದಿ! ಆ ಕ್ರಮ 8ರಿಂದ 12 ವಾರಗಳದು. ಮೊದಲು ಮೊಣಕಾಲುಗಳ ನಡುವೆ ಚೆಂಡಿಟ್ಟು ಒತ್ತುವುದು, ಅನಂತರ ತಡೆಯ ವಿರುದ್ಧ ಕಾಲಾಡಿಸುವುದು, ಆಮೇಲೆ ಓಟ, ಕೊನೆಗೆ ದಿಕ್ಕು ಬದಲಿಸುವ ಓಟ.

ಬರುವ ಮೊದಲೇ ತಡೆಯುವುದಕ್ಕೂ ಉಪಾಯವಿದೆ. ಒಂದು ಬದಿಗೆ ಮಲಗಿ, ಮೊಣಕೈ ಊರಿ, ಮೇಲಿನ ಕಾಲನ್ನು ಜೊತೆಗಾರನ ಕೈಯಲ್ಲಿಟ್ಟು, ಸೊಂಟವನ್ನೆತ್ತಿ ಕೆಳಗಿನ ಕಾಲನ್ನು ಅದಕ್ಕೆ ತಾಗಿಸುವುದು. ಇದಕ್ಕೆ ಕೋಪನ್‌ಹೇಗನ್ ವ್ಯಾಯಾಮವೆಂದು ಹೆಸರು. 2019ರಲ್ಲಿ ಪ್ರಕಟವಾದ ನಾರ್ವೆಯ ಫುಟ್‌ಬಾಲ್ ತಂಡಗಳ ಪರೀಕ್ಷೆಯಲ್ಲಿ ಇದನ್ನು ಮಾಡಿದವರಿಗೆ ತೊಡೆಸಂದು ತೊಂದರೆಯ ಸಂಭವ ಶೇಕಡಾ 41ರಷ್ಟು ಕಡಿಮೆಯಾಗಿತ್ತು. ಟಾಸ್‌ಗೆ ಮುಂಚೆ ಹತ್ತು ನಿಮಿಷ ಸಾಕು.

ಇಷ್ಟು ಓದಿ "ಎಲ್ಲ ನೋವೂ ವ್ಯಾಯಾಮದಿಂದ ಹೋಗುತ್ತದೆ" ಎಂದು ಯಾರೂ ತಿಳಿಯಬಾರದು. ತಡಮಾಡಬಾರದ ಸಂದರ್ಭಗಳಿವೆ.

ಮೊದಲನೆಯದು ಮಕ್ಕಳದು, ತಂದೆತಾಯಂದಿರು ಇದನ್ನು ಎರಡು ಸಲ ಓದಬೇಕೆಂದು ನಮ್ಮ ಕೋರಿಕೆ. ಸುಮಾರು 10ರಿಂದ 16 ವರ್ಷದ ಮಕ್ಕಳಲ್ಲಿ, ಅದರಲ್ಲೂ ಮೈತೂಕ ಹೆಚ್ಚಿರುವವರಲ್ಲಿ, ತೊಡೆಮೂಳೆಯ ಗುಂಡು ಬೆಳವಣಿಗೆಯ ಪದರದಲ್ಲಿ ಜಾರಬಹುದು. ಮಗು "ಮೊಣಕಾಲು ನೋವು" ಎನ್ನುತ್ತದೆ. ಏಕೆಂದರೆ ಎರಡೂ ಕೀಲುಗಳಿಗೆ ಕವಲೊಡೆಯುವ ನರ ಒಂದೇ. ಮೊಣಕಾಲಿನ ಕ್ಷ-ಕಿರಣ ಚಿತ್ರ ಸರಿಯಾಗಿಯೇ ಇರುತ್ತದೆ; ವಾರಗಳು ಕಳೆಯುತ್ತವೆ. ಕುಂಟುವ, ಪಾದ ಹೊರಕ್ಕೆ ತಿರುಗಿಸಿ ನಡೆಯುವ ಮಗುವಿನ ಸೊಂಟವನ್ನೂ ಪರೀಕ್ಷಿಸಲು ಕೇಳಿ. ಜಾರಿರುವುದು ಖಚಿತವಾದರೆ ಮಗು ಆ ಕಾಲಿನ ಮೇಲೆ ನಡೆಯಕೂಡದು. ತಿರುಪು ಹಾಕಿ ನಿಲ್ಲಿಸುವ ಶಸ್ತ್ರಚಿಕಿತ್ಸೆ ಕೂಡಲೇ ಆಗಬೇಕು.

ಎರಡನೆಯದು ಕಾರ್ನಿಷಿನಲ್ಲಿ ದಿನಾ ಓಟ ಹೆಚ್ಚಿಸುತ್ತ ಹೋಗುವವರದು. ಹೆಜ್ಜೆಯೂರಿದಾಗ ತೊಡೆಸಂದು ಆಳದಲ್ಲಿ ನೋಯುತ್ತಿದ್ದರೆ ತೊಡೆಮೂಳೆಯ ಕತ್ತಿನಲ್ಲಿ ಕೂದಲೆಳೆಯ ಬಿರುಕಿರಬಹುದು. ಮೊದಲ ಕ್ಷ-ಕಿರಣ ಚಿತ್ರದಲ್ಲಿ ಅದು ಕಾಣದಿರಬಹುದು. ಇಲ್ಲಿ ಎಂ.ಆರ್.ಐ. ಅನಿವಾರ್ಯ. ಬಿರುಕು ಕತ್ತಿನ ಮೇಲುಬದಿಯಲ್ಲಿದ್ದರೆ ಮೂಳೆ ಪೂರ್ತಿ ಮುರಿದು ಸರಿಯುವ ಅಪಾಯವಿದೆ. ಇಷ್ಟು ಬಿಸಿಲಿದ್ದೂ ಈ ದೇಶದಲ್ಲಿ ಡಿ ಜೀವಸತ್ವದ ಕೊರತೆ ಸಾಮಾನ್ಯವೆಂಬುದನ್ನೂ ಮರೆಯಬೇಡಿ.

ಮೂರನೆಯದು ಸ್ಟೀರಾಯ್ಡ್ ಔಷಧಿಯನ್ನು ಬಹುಕಾಲ ತೆಗೆದುಕೊಂಡವರದು. ಗುಂಡಿಗೆ ರಕ್ತ ಸಾಲದೆ ಮೂಳೆ ಸಾಯಬಹುದು. ರಾತ್ರಿಯೂ ಕಾಡುವ ನೋವಾದರೆ ವೈದ್ಯರಿಗೆ ಔಷಧಿಯ ವಿಷಯವನ್ನು ಮುಚ್ಚಿಡದೆ ಹೇಳಿ.

ನಮ್ಮ ಮಟ್ಟಿಗೆ ಹನ್ನೊಂದನೆಯ ವಾರಕ್ಕೆ ಮತ್ತೆ ಚೆಂಡಿನ ಹಿಂದೆ ಓಡಿದೆವು. ನೋವಿರಲಿಲ್ಲ. ಕ್ಯಾಚು ಮಾತ್ರ ಕೈಜಾರಿತು. ಅದಕ್ಕೆ ವ್ಯಾಯಾಮವೇನಿದೆಯೋ ಇನ್ನೂ ಹುಡುಕುತ್ತಿದ್ದೇವೆ.