ಸೌತೆ ತಳಿಯ ಆಯ್ಕೆ: ಹಸಿ ತಿನ್ನಲು ಒಂದು, ಉಪ್ಪಿನಕಾಯಿಗೆ ಇನ್ನೊಂದು



ಹಸುವಿನ ಚಿಕಿತ್ಸೆಗೆಂದು ಹಳ್ಳಿಗೆ ಬಂದಾಗ ನಿಮ್ಮಲ್ಲಿ ಹಲವರು ಬೆಳೆಯ ವಿಷಯವನ್ನೂ ಕೇಳುವುದುಂಟು. ಅರ್ಧ ಎಕರೆಗೆ ನೀರಿದೆ, ಸೌತೆ ಹಾಕೋಣವೆಂದಿದ್ದೇವೆ, ಯಾವ ಬೀಜ ತರಲಿ ಎಂಬುದು ಅಂತಹ ಒಂದು ಪ್ರಶ್ನೆ. ಪೊಟ್ಟಣದ ಮೇಲಿನ ಚಿತ್ರ ನೋಡಿ ಬೀಜ ಕೊಳ್ಳಬೇಡಿ. ಕಾಯಿ ಎಲ್ಲಿಗೆ ಹೋಗುತ್ತದೆ, ಅದನ್ನು ಕೊಯ್ಯುವವರು ಯಾರು ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಿ. ಹಸು ಕಟ್ಟಿದ ಮನೆಯಲ್ಲಿ ಎರಡನೆಯದೇ ಮುಖ್ಯ.

ಹಸಿ ತಿನ್ನಲು ಮತ್ತು ಕೋಸಂಬರಿಗೆ ಉದ್ದನೆಯ, ಮೆದು ತಿರುಳಿನ ಕಾಯಿ ಬೇಕು. ಜಪಾನೀಸ್ ಲಾಂಗ್ ಗ್ರೀನ್ ತಳಿ ಬಿತ್ತಿದ ಸುಮಾರು 45 ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ, ಕಾಯಿ ಒಂದು ಅಡಿಯಷ್ಟು ಉದ್ದವಿರುತ್ತದೆ. ಎಲೆಗಳಲ್ಲಿ ಹಳದಿ ಚುಕ್ಕೆ ಬಿದ್ದು ಬಳ್ಳಿ ಒಣಗುವ ಬೂಜು ತುಪ್ಪಟ ರೋಗದ ಕಾಟವಿರುವ ಕಡೆ ಪಾಯಿನ್‌ಸೆಟ್ ಒಳ್ಳೆಯದು. ಆ ರೋಗವನ್ನು ಅದು ಸ್ವಲ್ಪ ಮಟ್ಟಿಗೆ ತಡೆದುಕೊಳ್ಳುತ್ತದೆ. ಇವುಗಳನ್ನು ಎರಡು ಮೂರು ದಿನಕ್ಕೊಮ್ಮೆ ಕೊಯ್ದರೆ ಸಾಕು. ಸಂತೆಯಲ್ಲಿ ಮಾರಾಟವಾಗದೆ ಉಳಿದರೂ ಮನೆಯ ಊಟಕ್ಕಾಗುತ್ತದೆ.

ಇದೇ ಉದ್ದನೆಯ ಕಾಯಿಯನ್ನು ಉಪ್ಪುನೀರಿಗೆ ಹಾಕಿದರೆ ಒಳಗೆ ಟೊಳ್ಳಾಗಿ ಮೆತ್ತಗಾಗುತ್ತದೆ. ಉಪ್ಪಿನಕಾಯಿಗೆ ಗಿಡ್ಡನೆಯ, ತೆಳು ಸಿಪ್ಪೆಯ, ಮೈಮೇಲೆ ಗುಳ್ಳೆಯಿರುವ, ಬೀಜದ ಗೂಡು ಚಿಕ್ಕದಾದ ಗಟ್ಟಿ ಕಾಯಿ ಬೇಕು. ದಪ್ಪದ ಮೂರರಷ್ಟು ಉದ್ದವಿದ್ದರೆ ಸರಿ. ಮುಳ್ಳಿನ ಬಣ್ಣವನ್ನೂ ನೋಡಿ: ಕಪ್ಪು ಮುಳ್ಳಿನವು ಬಲಿಯುತ್ತಲೇ ಹಳದಿಗೆ ತಿರುಗುತ್ತವೆ, ಬಿಳಿ ಮುಳ್ಳಿನವು ಹೆಚ್ಚು ದಿನ ಹಸಿರಾಗಿರುತ್ತವೆ. ಮನೆಯಲ್ಲಿ ಹಾಕುವ ತಾಯಂದಿರು ಹೂವಿನ ತುದಿಯನ್ನು ತೆಳುವಾಗಿ ಕತ್ತರಿಸಿ ತೆಗೆಯಬೇಕು. ಕಾಯಿಯನ್ನು ಮೆತ್ತಗೆ ಮಾಡುವ ಕಿಣ್ವ ಅಲ್ಲಿರುತ್ತದೆ.

ಇನ್ನು ಕಂಪನಿಗಳು ಒಪ್ಪಂದದ ಮೇಲೆ ಬೆಳೆಸುವ ಮಿಡಿ ಸೌತೆ, ಅಂದರೆ ಗರ್ಕಿನ್. 1990ರ ದಶಕದ ಆರಂಭದಲ್ಲಿ ನಮ್ಮ ರಾಜ್ಯದಲ್ಲೇ ಮೊದಲಾದ ಈ ಬೆಳೆ ಹೊರದೇಶಗಳಿಗಾಗಿಯೇ ಇದೆ. ಬೀಜ, ಔಷಧಿ ಸಾಲವಾಗಿ ಸಿಗುತ್ತದೆ, ದರ ಮೊದಲೇ ಗೊತ್ತಿರುತ್ತದೆ, 35 ದಿನಕ್ಕೆ ಕೊಯ್ಲು ಶುರುವಾಗುತ್ತದೆ. ಇಷ್ಟು ಕೇಳಿ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಲೆಕ್ಕ ಹಾಕಿ. ದರ ನಿಗದಿಯಾಗುವುದು ಒಂದು ಕಿಲೋಗೆ ಎಷ್ಟು ಕಾಯಿ ತೂಗುತ್ತದೆ ಎಂಬುದರ ಮೇಲೆ. ಕಾಯಿ ಸಣ್ಣದಾದಷ್ಟೂ ದರ ಹೆಚ್ಚು; ಕಿಲೋಗೆ 160ಕ್ಕೂ ಮೀರಿ ತೂಗುವ ಮಿಡಿಗೂ 30 ತೂಗುವ ಕಾಯಿಗೂ ಬಹಳ ಅಂತರ. ಒಂದು ದಿನ ಕೊಯ್ಲು ತಪ್ಪಿದರೆ ಕಾಯಿ ಕೆಳದರ್ಜೆಗೆ ಇಳಿಯುತ್ತದೆ. ಬೆಳಗಿನ ಕೊಯ್ಲು ಮತ್ತು ಹಾಲು ಕರೆಯುವುದು ಒಂದೇ ಹೊತ್ತಿಗೆ ಬೀಳುತ್ತವೆ. ಮನೆಯಲ್ಲಿ ಇಬ್ಬರೇ ಇದ್ದು ಮೂರು ಕರೆಯುವ ಹಸುಗಳಿದ್ದರೆ, ಒಂದೋ ಮಿಡಿ ಬಲಿಯುತ್ತದೆ, ಇಲ್ಲವೇ ಹಾಲು ಕರೆಯುವ ಹೊತ್ತು ಏರುಪೇರಾಗಿ ಇಳುವರಿ ಇಳಿಯುತ್ತದೆ. ಕೆಚ್ಚಲಲ್ಲಿ ಹಾಲು ಬಿಟ್ಟು ತೋಟಕ್ಕೆ ಓಡಿದರೆ ಕೆಚ್ಚಲು ಬಾವಿನ ಭಯವೂ ಉಂಟು. ಕಂಪನಿ ತಿರಸ್ಕರಿಸಿದ ಕಾಯಿಗೆ ಊರ ಸಂತೆಯಲ್ಲಿ ಗಿರಾಕಿ ಸಿಗುವುದು ಕಷ್ಟ. ಕೊಯ್ಯಲು ಕೈಗಳು ಸಾಕಷ್ಟಿದ್ದರೆ ಮಾತ್ರ, ಅದೂ ಕಾಲು ಎಕರೆಯಿಂದ ಆರಂಭಿಸಿ ಎಂಬುದು ನನ್ನ ಸಲಹೆ.

ದೂರದ ಪೇಟೆಗೆ ಕಳಿಸುವವರಿಗೆ ಮಂಗಳೂರು ಸೌತೆಯೂ ಇದೆ. ಹೆಸರು ಸೌತೆಯಾದರೂ ಇದು ಕರಬೂಜದ ಕುಲಕ್ಕೆ ಹತ್ತಿರದ್ದು, ಹಸಿ ತಿನ್ನಲಲ್ಲ, ಹುಳಿ ಸಾಂಬಾರಿಗೆ. ಬಲಿತ ಕಾಯಿಯನ್ನು ಕರಾವಳಿಯವರು ಅಟ್ಟದಲ್ಲಿ ನೇತುಹಾಕಿ ತಿಂಗಳುಗಟ್ಟಲೆ ಇಡುತ್ತಾರೆ.

ಯಾವ ತಳಿಯಾದರೂ ಎಕರೆಗೆ 8ರಿಂದ 10 ಟನ್ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಕೊಡಿ. ಹಸಿ ಸಗಣಿ ಹಾಕಿದರೆ ಗೊಣ್ಣೆಹುಳು ಬರುತ್ತದೆ. ಬಯಲಿನಲ್ಲಿ ಬೆಳೆಯುವ ಸೌತೆಗೆ ಸಾಮಾನ್ಯವಾಗಿ ಜೇನುಹುಳ ಬೇಕೇ ಬೇಕು. ಪರಾಗ ಸಾಲದಿದ್ದರೆ ಕಾಯಿ ಸೊಟ್ಟಗಾಗುತ್ತದೆ. ಆದ್ದರಿಂದ ಔಷಧಿಯನ್ನು ಸಂಜೆಯೇ ಸಿಂಪಡಿಸಿ.

ಕೊನೆಯದಾಗಿ ನನ್ನ ಇಲಾಖೆಯ ಮಾತು. ಬಲಿತು ಉಳಿದ ಕಾಯಿಯನ್ನು ಹಸುವಿಗೆ ಹಾಕಬಹುದು, ಆದರೆ ಇಡಿಯಾಗಿ ಹಾಕಬಾರದು. ಗಂಟಲಲ್ಲಿ ಸಿಕ್ಕಿಕೊಂಡರೆ ತೇಗು ಹೊರಬಾರದೆ ಹೊಟ್ಟೆ ಉಬ್ಬರಿಸಿ ಕೆಲವೇ ಗಂಟೆಗಳಲ್ಲಿ ಹಸು ಸಾಯಬಹುದು. ಉದ್ದಕ್ಕೆ ಸೀಳಿ ಹಾಕಿ. ಸೌತೆಯಲ್ಲಿ ನೂರಕ್ಕೆ 95 ಭಾಗ ನೀರೇ ಇರುವುದರಿಂದ ಇದು ಒಣ ಮೇವಿನ ಬದಲಿಯಲ್ಲ. ಹೆಚ್ಚಾದರೆ ಸಗಣಿ ತೆಳುವಾಗುತ್ತದೆ. ಕಹಿ ಕಾಯಿಯನ್ನು ಹಾಕಲೇಬೇಡಿ. ಔಷಧಿ ಸಿಂಪಡಿಸಿದ ಬಳ್ಳಿ ಮತ್ತು ಕಾಯಿಯನ್ನು, ಡಬ್ಬಿಯ ಮೇಲೆ ಬರೆದ ಕಾಯುವ ಅವಧಿ ಮುಗಿದರೂ, ಕರೆಯುವ ಹಸುವಿಗೆ ಕೊಡದೆ ಗೊಬ್ಬರದ ಗುಂಡಿಗೆ ಹಾಕಿ. ಕೆಲವು ಔಷಧಿಗಳ ಅಂಶ ಮೇವಿನ ಮೂಲಕ ಹಾಲಿಗೆ ಇಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಆ ಹಾಲನ್ನು ಸಂಘದ ಕ್ಯಾನಿಗೆ ಸುರಿಯುವ ಮೊದಲು ಕುಡಿಯುವವರು ನಿಮ್ಮ ಮಕ್ಕಳೇ.