ಕಪ್ಪು-ಬಿಳುಪು ಚೌಕದ ಒಳಗೇನಿದೆ?

ಎಳನೀರಿನ ಗಾಡಿ, ಹೂವಿನ ಬುಟ್ಟಿ, ಕಬ್ಬಿನ ಹಾಲಿನ ಯಂತ್ರ, ಚಪ್ಪಲಿ ಹೊಲಿಯುವವರ ಪೆಟ್ಟಿಗೆ, ಜಾತ್ರೆಯ ಬಳೆ ಅಂಗಡಿ - ಇಂದು ಎಲ್ಲಿ ನೋಡಿದರೂ ಅಲ್ಲೊಂದು ಕಪ್ಪು-ಬಿಳುಪು ಚೌಕ ಅಂಟಿಕೊಂಡಿರುತ್ತದೆ. ಗಿರಾಕಿ ತನ್ನ ಮೊಬೈಲನ್ನು ಅದರ ಮುಂದೆ ಹಿಡಿಯುತ್ತಾನೆ, ಕೆಲವು ಅಂಕಿಗಳನ್ನು ಒತ್ತುತ್ತಾನೆ. ಪಕ್ಕದಲ್ಲಿರುವ ಪುಟ್ಟ ಪೆಟ್ಟಿಗೆ 'ನಲವತ್ತು ರೂಪಾಯಿ ಸ್ವೀಕರಿಸಲಾಗಿದೆ' ಎಂದು ಸಾರುತ್ತದೆ. ಚಿಲ್ಲರೆಗಾಗಿ ಪಕ್ಕದ ಅಂಗಡಿಗೆ ಓಡುವುದು, ಒಂದು ರೂಪಾಯಿಗೆ ಬದಲಾಗಿ ಚಾಕೊಲೇಟ್ ಕೊಟ್ಟು ಕಳುಹಿಸುವುದು ಬಹುಮಟ್ಟಿಗೆ ಕಡಿಮೆಯಾಗಿದೆ.

ಈ ವ್ಯವಸ್ಥೆಯನ್ನು ಬಳಸಲು ಕಂಪ್ಯೂಟರ್ ಜ್ಞಾನ ಬೇಕಿಲ್ಲ. ಆದರೆ ಬಳಸುವುದು ಬೇರೆ, ತಿಳಿದು ಬಳಸುವುದು ಬೇರೆ. 'ನಿಮಗೆ ಹಣ ಬರಬೇಕಾಗಿದೆ, ಈ ಚೌಕವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ' ಎಂಬ ಮಾತನ್ನು ನಂಬಿ ಉಳಿತಾಯವನ್ನೇ ಕಳೆದುಕೊಂಡವರಲ್ಲಿ ಓದು ಬಾರದವರಿರುವಂತೆ ಪದವೀಧರರೂ ಇದ್ದಾರೆ. ಅವರಿಗೆ ಕೊರತೆಯಾದದ್ದು ಓದಲ್ಲ. ಆ ಚೌಕದೊಳಗೆ ಏನಿದೆ, ಪಿನ್ ಒತ್ತಿದಾಗ ಏನಾಗುತ್ತದೆ ಎಂಬ ಸಣ್ಣ ತಿಳಿವಳಿಕೆ. ವಿದ್ಯಾರ್ಥಿಗಳು ಅರ್ಧ ಗಂಟೆಯಲ್ಲಿ ಅರಿತುಕೊಂಡು ಮನೆಯವರಿಗೂ ಹೇಳಬಹುದಾದ ವಿಷಯವಿದು.

ಆಟದ ಮಣೆ ಕೊಟ್ಟ ಸುಳಿವು

ಸೋಪು, ಬಿಸ್ಕತ್ತಿನ ಪೊಟ್ಟಣಗಳ ಮೇಲೆ ಕಾಣುವ ಕಪ್ಪು ಗೆರೆಗಳ ಬಾರ್‌ಕೋಡ್ ಈ ಚೌಕದ ಅಣ್ಣ. 1974ರ ಜೂನ್ 26ರಂದು ಅಮೆರಿಕದ ಒಹಾಯೊ ರಾಜ್ಯದ ಟ್ರಾಯ್ ಎಂಬ ಊರಿನ ಅಂಗಡಿಯೊಂದರಲ್ಲಿ ಚ್ಯೂಯಿಂಗ್ ಗಮ್ ಪೊಟ್ಟಣವೊಂದರ ಬಾರ್‌ಕೋಡನ್ನು ಯಂತ್ರ ಓದಿತು. ಅಲ್ಲಿಂದ ಅಂಗಡಿಗಳ ಲೆಕ್ಕದ ರೀತಿಯೇ ಬದಲಾಯಿತು. ಆದರೆ ಬಾರ್‌ಕೋಡಿಗೆ ಒಂದು ಮಿತಿಯಿತ್ತು. ಅದನ್ನು ಅಡ್ಡಲಾಗಿ ಮಾತ್ರ ಓದಬಹುದು. ಹೀಗಾಗಿ ಅದರಲ್ಲಿ ಹಿಡಿಸುವುದು ಸುಮಾರು 20 ಅಕ್ಷರ ಅಥವಾ ಅಂಕಿಗಳು ಮಾತ್ರ.

ಜಪಾನಿನ ಕಾರು ತಯಾರಿಕೆಯಲ್ಲಿ ಈ ಮಿತಿ ತಲೆನೋವಾಯಿತು. ಬಿಡಿಭಾಗಗಳ ಒಂದೊಂದು ಪೆಟ್ಟಿಗೆಯ ಮೇಲೂ ಹಲವು ಬಾರ್‌ಕೋಡ್‌ಗಳಿದ್ದು, ಕಾರ್ಮಿಕರು ಒಂದಾದ ಮೇಲೊಂದನ್ನು ಓದಿಸಿ ಬೇಸತ್ತಿದ್ದರು. ಡೆನ್ಸೊ ಕಂಪನಿಯ ಎಂಜಿನಿಯರ್ ಮಸಾಹಿರೊ ಹಾರ ಇದಕ್ಕೊಂದು ಪರಿಹಾರ ಹುಡುಕುತ್ತಿದ್ದರು. ಬಿಡುವಿನಲ್ಲಿ ಅವರು 'ಗೋ' ಎಂಬ ಆಟ ಆಡುತ್ತಿದ್ದರು. ನಮ್ಮ ಚೌಕಾಬಾರದ ಮನೆಗಳಂತೆ ಗೆರೆ ಎಳೆದ ಮಣೆಯ ಮೇಲೆ ಕಪ್ಪು ಮತ್ತು ಬಿಳಿ ಕಾಯಿಗಳನ್ನಿಟ್ಟು ಆಡುವ ಆಟವದು. ಅಡ್ಡಕ್ಕೂ ಉದ್ದಕ್ಕೂ ಹರಡಿದ ಆ ಕಾಯಿಗಳು ಅವರಿಗೆ ದಾರಿ ತೋರಿಸಿದವು. 1994ರಲ್ಲಿ ಕ್ಯೂಆರ್ ಕೋಡ್ ಸಿದ್ಧವಾಯಿತು. ಕ್ಯೂಆರ್ ಎಂದರೆ 'ಕ್ವಿಕ್ ರೆಸ್ಪಾನ್ಸ್', ಅರ್ಥಾತ್ ಶೀಘ್ರ ಉತ್ತರ. ಅತಿ ದೊಡ್ಡ ಕ್ಯೂಆರ್ ಚೌಕದಲ್ಲಿ 7,089 ಅಂಕಿಗಳನ್ನು ತುಂಬಬಹುದು. ಕಂಪನಿಯು ಪೇಟೆಂಟ್ ಪಡೆದಿದ್ದರೂ ಇದರ ಬಳಕೆಗೆ ಯಾರಿಂದಲೂ ಶುಲ್ಕ ಕೇಳಲಿಲ್ಲ. ಜಗತ್ತಿನಾದ್ಯಂತ ಇದು ಹರಡಲು ಆ ಉದಾರತೆಯೂ ಒಂದು ಕಾರಣ.

ಮನೆಯಲ್ಲೇ ಒಂದು ಪ್ರಯೋಗ

ಕ್ಯೂಆರ್ ಚೌಕವನ್ನು ಗಮನವಿಟ್ಟು ನೋಡಿ. ಮೂರು ಮೂಲೆಗಳಲ್ಲಿ ದೊಡ್ಡ ಚೌಕಗಳಿವೆ, ನಾಲ್ಕನೆಯ ಮೂಲೆಯಲ್ಲಿ ಇಲ್ಲ. ಮೊಬೈಲನ್ನು ಓರೆಯಾಗಿ ಹಿಡಿದರೂ, ತಲೆಕೆಳಗಾಗಿ ಹಿಡಿದರೂ ಚೌಕದ ತಲೆ ಯಾವುದು, ಬುಡ ಯಾವುದು ಎಂದು ಯಂತ್ರಕ್ಕೆ ತಿಳಿಯುವುದು ಈ ಮೂರು ಗುರುತುಗಳಿಂದ. ಅವುಗಳ ನಡುವೆ ಗೆರೆ ಎಳೆದರೆ ಕಪ್ಪು, ಬಿಳುಪು, ಕಪ್ಪು, ಬಿಳುಪು, ಕಪ್ಪು ಭಾಗಗಳು 1:1:3:1:1 ಎಂಬ ಅನುಪಾತದಲ್ಲಿರುತ್ತವೆ. ಮುದ್ರಿತ ಕಾಗದಗಳಲ್ಲಿ ಅತಿ ವಿರಳವಾಗಿ ಕಾಣುವ ಅನುಪಾತ ಯಾವುದೆಂದು ಹುಡುಕಿ ಹಾರ ಅವರ ತಂಡ ಇದನ್ನು ಆರಿಸಿತು. ಬೇರೆ ಚಿತ್ರವನ್ನು ನೋಡಿ ಯಂತ್ರ ಮೋಸಹೋಗಬಾರದಲ್ಲವೇ?

ಈಗ ಮುದ್ರಿತ ಕ್ಯೂಆರ್ ಚೌಕವೊಂದರ ನಡುವೆ ಒಂದು ಸಣ್ಣ ಕಾಗದದ ಚೂರು ಇಟ್ಟು ಸ್ಕ್ಯಾನ್ ಮಾಡಿ. ಬಹುಪಾಲು ಸಂದರ್ಭಗಳಲ್ಲಿ ಮೊಬೈಲ್ ಅದನ್ನು ಓದಿಬಿಡುತ್ತದೆ. ಅದೇ ಚೂರನ್ನು ಮೂಲೆಯ ದೊಡ್ಡ ಚೌಕದ ಮೇಲೆ ಇಟ್ಟರೆ ಸಾಮಾನ್ಯವಾಗಿ ಓದಲಾಗದು.

ಮುಚ್ಚಿಹೋದ ಚುಕ್ಕೆಗಳು ಯಂತ್ರಕ್ಕೆ ತಿಳಿದದ್ದು ಹೇಗೆ? ಒಂದು ಉದಾಹರಣೆ ನೋಡೋಣ. ಅಂಕಪಟ್ಟಿಯೊಂದರಲ್ಲಿ ಐದು ವಿಷಯಗಳ ಪೈಕಿ 64, 71, 58, 80 ಎಂಬ ನಾಲ್ಕು ಕಾಣುತ್ತಿವೆ. ಒಂದರ ಮೇಲೆ ಶಾಯಿ ಚೆಲ್ಲಿದೆ. ಒಟ್ಟು 342 ಎಂದು ಕೆಳಗೆ ಬರೆದಿದೆ. ಕಾಣುವ ನಾಲ್ಕರ ಮೊತ್ತ 273. ಹಾಗಾದರೆ ಅಳಿಸಿಹೋದದ್ದು 69 ಎಂದು ಪ್ರಾಥಮಿಕ ಶಾಲೆಯ ಮಗುವೂ ಹೇಳಬಲ್ಲದು. 'ಒಟ್ಟು' ಎಂಬ ಹೆಚ್ಚುವರಿ ಮಾಹಿತಿ ಕಳೆದುಹೋದದ್ದನ್ನು ಹಿಂದಕ್ಕೆ ತಂದಿತು. ಇದಕ್ಕಿಂತ ಹೆಚ್ಚು ಕ್ಲಿಷ್ಟವಾದ ಇಂಥದೇ ಲೆಕ್ಕವನ್ನು ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲಮನ್ ಎಂಬ ಗಣಿತಜ್ಞರು 1960ರಲ್ಲಿ ಪ್ರಕಟಿಸಿದರು. ಹಾಡಿನ ಸಿ.ಡಿ.ಗಳಲ್ಲಿ ಗೀರು ಬಿದ್ದರೂ ಹಾಡು ಕೇಳಿಸುತ್ತಿದ್ದುದು ಅದರಿಂದಲೇ. ಕ್ಯೂಆರ್ ಚೌಕದಲ್ಲಿ ಅಗತ್ಯಕ್ಕೆ ತಕ್ಕಂತೆ ಶೇಕಡಾ 7ರಿಂದ 30ರವರೆಗೆ ಹಾನಿಯಾದರೂ ಮಾಹಿತಿಯನ್ನು ಮರಳಿ ಪಡೆಯಬಹುದು. ಬಿಸಿಲು, ಮಳೆ, ಎಣ್ಣೆಯ ಕೈ ಎಲ್ಲವನ್ನೂ ಸಹಿಸಿ ಬಜ್ಜಿ ಅಂಗಡಿಯ ಚೌಕ ಕೆಲಸ ಮಾಡುತ್ತಿರುವುದರ ಗುಟ್ಟು ಇಷ್ಟೆ.

ಇರುವುದು ವಿಳಾಸ, ಹಣವಲ್ಲ

ಹಣ ಪಾವತಿಯ ಆಪ್ ಬಿಟ್ಟು, ಕ್ಯೂಆರ್ ಓದುವ ಸಾಧಾರಣ ಆಪ್‌ನಿಂದ ಅಂಗಡಿಯ ಚೌಕವನ್ನು ಓದಿದರೆ ಒಂದು ಸಾಲು ಕಾಣಿಸುತ್ತದೆ. ಅದರಲ್ಲಿ ಇದು ಯುಪಿಐ ಪಾವತಿ ಎಂಬ ಸೂಚನೆ, ಹಣ ಪಡೆಯುವವರ ಯುಪಿಐ ವಿಳಾಸ, ಅವರ ಹೆಸರು, ಕೆಲವೊಮ್ಮೆ ಮೊತ್ತ ಇರುತ್ತವೆ. ಅಷ್ಟೇ! ಅಲ್ಲಿ ಹಣವೂ ಇಲ್ಲ, ಮಂತ್ರವೂ ಇಲ್ಲ. ಲಕೋಟೆಯ ಮೇಲೆ ಬರೆದ ವಿಳಾಸ ಹೇಗೋ ಹಾಗೆ.

ಈ ಮಾತನ್ನು ಮನೆಯ ಪ್ರತಿಯೊಬ್ಬರೂ ನೆನಪಿಡಬೇಕು. ಪಾವತಿಯ ಆಪ್‌ನಲ್ಲಿ ಕ್ಯೂಆರ್ ಚೌಕವನ್ನು ನಾವು ಸ್ಕ್ಯಾನ್ ಮಾಡುವುದು ಇನ್ನೊಬ್ಬರ ವಿಳಾಸಕ್ಕೆ ನಮ್ಮ ಹಣ ಕಳುಹಿಸಲು. ನಮಗೆ ಹಣ ಬರಬೇಕಾದರೆ ನಾವು ಏನನ್ನೂ ಸ್ಕ್ಯಾನ್ ಮಾಡಬೇಕಿಲ್ಲ.

ಕೆಲವೇ ಕ್ಷಣಗಳ ಪಯಣ

ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು ರೂಪಿಸಿದ ಯುಪಿಐ ವ್ಯವಸ್ಥೆ 2016ರ ಏಪ್ರಿಲ್‌ನಲ್ಲಿ 21 ಬ್ಯಾಂಕುಗಳೊಂದಿಗೆ ಪ್ರಾಯೋಗಿಕವಾಗಿ ಆರಂಭವಾಯಿತು. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಇದರ ಮೂಲಕ ನಡೆದ ವ್ಯವಹಾರಗಳ ಸಂಖ್ಯೆ 2,000 ಕೋಟಿಯನ್ನು ದಾಟಿತು.

ನೀವು 40 ರೂಪಾಯಿ ಎಂದು ನಮೂದಿಸಿ ಪಿನ್ ಒತ್ತಿದಿರಿ ಎನ್ನಿ. ಆ ಪಿನ್ ನಿಮ್ಮ ಮೊಬೈಲಿನಲ್ಲೇ ಗೂಢಲಿಪಿಯಾಗುತ್ತದೆ. ಆಪ್ ನಡೆಸುವ ಕಂಪನಿಗೂ ಅದು ಕಾಣುವುದಿಲ್ಲ. ಕೋರಿಕೆ ನಿಗಮದ ಕಂಪ್ಯೂಟರಿಗೆ ಹೋಗುತ್ತದೆ. ಆ ಯುಪಿಐ ವಿಳಾಸ ಯಾವ ಬ್ಯಾಂಕಿನ ಯಾವ ಖಾತೆಗೆ ಸೇರಿದ್ದೆಂದು ಅಲ್ಲಿ ಪತ್ತೆಯಾಗುತ್ತದೆ. ಬಳಿಕ ನಿಮ್ಮ ಬ್ಯಾಂಕಿಗೆ ಸೂಚನೆ ಬರುತ್ತದೆ. ಬ್ಯಾಂಕು ಪಿನ್ ಸರಿಯಿದೆಯೇ, ಖಾತೆಯಲ್ಲಿ ಹಣವಿದೆಯೇ ಎಂದು ನೋಡಿ 40 ರೂಪಾಯಿ ಕಳೆಯುತ್ತದೆ. ಅಂಗಡಿಯವರ ಬ್ಯಾಂಕಿಗೆ ಜಮಾ ಮಾಡುವಂತೆ ಸೂಚನೆ ಹೋಗುತ್ತದೆ. ಜಮಾ ಆದ ಸುದ್ದಿ ಎರಡೂ ಕಡೆಗೆ ಮರಳುತ್ತದೆ. ಗಾಡಿಯ ಮೇಲಿನ ಪೆಟ್ಟಿಗೆಯಲ್ಲೂ ಒಂದು ಸಿಮ್ ಕಾರ್ಡ್ ಇದ್ದು, ಅದರ ಮೂಲಕ ಬಂದ ಸುದ್ದಿಯನ್ನೇ ಅದು ಗಟ್ಟಿಯಾಗಿ ಓದುತ್ತದೆ.

ಬ್ಯಾಂಕುಗಳು ಪ್ರತಿ 40 ರೂಪಾಯಿಗೂ ಪರಸ್ಪರ ನೋಟು ಸಾಗಿಸುವುದಿಲ್ಲ. ಒಂದು ಬ್ಯಾಂಕು ಇನ್ನೊಂದಕ್ಕೆ 100 ರೂಪಾಯಿ ಕೊಡಬೇಕು, ಅದರಿಂದ 80 ಬರಬೇಕು ಎಂದಾದರೆ ವ್ಯತ್ಯಾಸದ 20 ಮಾತ್ರ ಚುಕ್ತಾ ಆಗುತ್ತದೆ. ಹೀಗೆ ದಿನಕ್ಕೆ ಹಲವು ಬಾರಿ ರಿಸರ್ವ್ ಬ್ಯಾಂಕಿನಲ್ಲಿರುವ ಅವುಗಳ ಖಾತೆಗಳಲ್ಲಿ ಲೆಕ್ಕ ತೀರುತ್ತದೆ.

ಪಿನ್ ಎಂದರೆ ರುಜು

ಈ ಪಯಣದಲ್ಲಿ ನಮ್ಮ ಕೈಯಲ್ಲಿರುವ ಬೀಗ ಎರಡು. ನೋಂದಾಯಿತ ಸಿಮ್ ಇರುವ ನಮ್ಮ ಮೊಬೈಲ್ ಒಂದು, ಪಿನ್ ಇನ್ನೊಂದು. 2025ರ ಅಕ್ಟೋಬರ್‌ನಿಂದ ಸಣ್ಣ ಮೊತ್ತಗಳಿಗೆ ಪಿನ್ ಬದಲು ಬೆರಳಚ್ಚು ಅಥವಾ ಮುಖದ ಗುರುತಿಗೂ ಅವಕಾಶ ಬಂದಿದೆ. ಪಿನ್ ಒತ್ತುವುದೆಂದರೆ ನಮ್ಮ ಚೆಕ್ಕಿಗೆ ರುಜು ಹಾಕಿದಂತೆ. ಬೇರೆಯವರು ನಮಗೆ ಹಣ ಕೊಡುವಾಗ ನಮ್ಮ ಚೆಕ್ಕಿಗೆ ನಾವು ರುಜು ಹಾಕುತ್ತೇವೆಯೇ? ಹಣ ಕೊಡುವಾಗ ಮತ್ತು ಖಾತೆಯಲ್ಲಿ ಎಷ್ಟಿದೆ ಎಂದು ನೋಡುವಾಗ ಪಿನ್ ಬೇಕು. ಹಣ ಪಡೆಯಲು ಎಂದೂ ಬೇಡ.

ಹಳೆಯ ಸಾಮಾನು ಕೊಳ್ಳುವ ನೆಪದಲ್ಲಿ, ಬಹುಮಾನದ ನೆಪದಲ್ಲಿ, ತಪ್ಪಾಗಿ ಕಟ್ಟಿದ ಹಣ ಮರಳಿಸುವ ನೆಪದಲ್ಲಿ ಮೋಸಗಾರರು ಮಾಡಿಸುವುದು ಈ ರುಜುವನ್ನೇ. ಹಿಂದೆ ಅವರು 'ಹಣ ಕೊಡಿ' ಎಂಬ ಕೋರಿಕೆಯನ್ನೇ ಕಳುಹಿಸಿ, ಅದನ್ನು 'ಹಣ ಬಂದಿದೆ' ಎಂದು ನಂಬಿಸುತ್ತಿದ್ದರು. ವ್ಯಕ್ತಿಯಿಂದ ವ್ಯಕ್ತಿಗೆ ಹೀಗೆ ಕೋರಿಕೆ ಕಳುಹಿಸುವ ಸೌಲಭ್ಯವನ್ನು ನಿಗಮ 2025ರ ಅಕ್ಟೋಬರ್‌ನಿಂದ ನಿಲ್ಲಿಸಿತು. ಒಂದು ಬಾಗಿಲು ಮುಚ್ಚಿತು, ನಿಜ. ಆದರೆ ಪಿನ್ನನ್ನು ನಾವಾಗಿಯೇ ಒತ್ತಿದರೆ ಯಾವ ಕಂಪ್ಯೂಟರೂ ತಡೆಯಲಾರದು. ಅದರ ಲೆಕ್ಕದಲ್ಲಿ ಅದು ಖಾತೆದಾರರ ಅಪ್ಪಣೆ.

ಕೆಲವು ಪೋಷಕರು ಮಕ್ಕಳಿಗೆ ಪಿನ್ ಹೇಳಿಕೊಟ್ಟು ಅಂಗಡಿಗೆ ಕಳುಹಿಸುವುದುಂಟು. ರುಜುವನ್ನು ಸಾಲ ಕೊಡುವುದು ಒಳ್ಳೆಯ ಅಭ್ಯಾಸವಲ್ಲ. ಕುಟುಂಬದ ಇನ್ನೊಬ್ಬರಿಗೆ ಮಿತಿ ಹಾಕಿ ಖರ್ಚಿಗೆ ಅನುಮತಿ ಕೊಡುವ 'ಯುಪಿಐ ಸರ್ಕಲ್' ಎಂಬ ಏರ್ಪಾಡು 2024ರಲ್ಲಿ ಬಂದಿದೆ. ಅಗತ್ಯವಿದ್ದವರು ಅದನ್ನು ವಿಚಾರಿಸಬಹುದು.

ವ್ಯಾಪಾರಿಗಳೂ ಎಚ್ಚರದಿಂದಿರಬೇಕು. ಚೌಕ ಬರೀ ವಿಳಾಸವಾದ್ದರಿಂದ ಅದರ ಮೇಲೆ ಬೇರೆಯವರ ವಿಳಾಸದ ಚೌಕ ಅಂಟಿಸಿದರೆ ದಿನದ ಸಂಪಾದನೆ ಬೇರೆಡೆಗೆ ಹೋಗುತ್ತದೆ. ಬೆಳಿಗ್ಗೆ ಬಾಗಿಲು ತೆರೆದಾಗ ಒಮ್ಮೆ ಸ್ಕ್ಯಾನ್ ಮಾಡಿ ನೋಡುವುದು ಲೇಸು. ಗಿರಾಕಿಗಳು ಪಿನ್ ಒತ್ತುವ ಮೊದಲು ಪರದೆಯಲ್ಲಿ ಕಾಣುವ ಹೆಸರನ್ನು ಓದಬೇಕು. 'ಹಣ ಹೋಗಿದೆ ನೋಡಿ' ಎಂದು ಮೊಬೈಲಿನಲ್ಲಿ ತೋರಿಸುವ ಚಿತ್ರ ಸಾಕ್ಷಿಯಲ್ಲ. ತನ್ನ ಪೆಟ್ಟಿಗೆ ನುಡಿಯಬೇಕು, ಇಲ್ಲವೇ ತನ್ನ ಖಾತೆಯಲ್ಲಿ ಜಮಾ ಕಾಣಬೇಕು.

ತಾನೇ ಬರೆದುಕೊಳ್ಳುವ ಲೆಕ್ಕದ ಪುಸ್ತಕ

ಕಂಪ್ಯೂಟರ್ ಹಣ ಸಾಗಿಸುವುದರ ಜೊತೆಗೆ ಇನ್ನೊಂದು ಕೆಲಸ ಮಾಡುತ್ತದೆ: ಬರೆದಿಡುತ್ತದೆ. ಸಣ್ಣ ವ್ಯಾಪಾರಿಗೆ ಇದರಿಂದ ಲಾಭವುಂಟು. ಬ್ಯಾಂಕಿನಲ್ಲಿ ಸಾಲ ಕೇಳುವಾಗ ವ್ಯಾಪಾರದ ದಾಖಲೆ ತೋರಿಸಬಹುದು. ಆದರೆ ಈ ಪುಸ್ತಕವನ್ನು ಬೇರೆಯವರೂ ಓದಬಹುದೆಂಬುದು ಕರ್ನಾಟಕದ ವರ್ತಕರಿಗೆ 2025ರ ಜುಲೈನಲ್ಲಿ ಅರಿವಾಯಿತು. ಯುಪಿಐ ಮೂಲಕ ಬಂದ ಹಣದ ವಿವರಗಳ ಆಧಾರದ ಮೇಲೆ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವರ್ತಕರಿಗೆ ನೋಟಿಸ್ ಕಳುಹಿಸಿತು. ಬೆಂಗಳೂರಿನ ಅನೇಕ ಅಂಗಡಿಗಳವರು ಚೌಕವನ್ನು ಕಿತ್ತು 'ನಗದು ಮಾತ್ರ' ಎಂಬ ಫಲಕ ತೂಗುಹಾಕಿದರು. ಪ್ರತಿಭಟನೆಯ ನಂತರ, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದು ಮುಖ್ಯಮಂತ್ರಿಗಳು ಹೇಳಿದರು.

ಆಗಿನ ನಿಯಮದಂತೆ ವರ್ಷಕ್ಕೆ ಸರಕಿನ ವಹಿವಾಟು 40 ಲಕ್ಷ ರೂಪಾಯಿ, ಸೇವೆಯಾದರೆ 20 ಲಕ್ಷ ದಾಟಿದವರು ಜಿಎಸ್‌ಟಿ ನೋಂದಣಿ ಮಾಡಿಸಬೇಕಿತ್ತು. ತಾಜಾ ತರಕಾರಿ, ಹಣ್ಣು, ಹಾಲಿನಂಥ ಪದಾರ್ಥಗಳಿಗೆ ತೆರಿಗೆ ಇರಲಿಲ್ಲ. ತೊಂದರೆ ಎಲ್ಲಿ ಬಂತೆಂದರೆ ಕಂಪ್ಯೂಟರಿಗೆ ಕಾಣುವುದು ಮೊತ್ತ ಮಾತ್ರ. ತಮ್ಮ ಕಳುಹಿಸಿದ ಕೈಸಾಲ, ಚೀಟಿಯ ಹಣ, ಟೊಮೆಟೊ ಮಾರಿದ ದುಡ್ಡು - ಎಲ್ಲವೂ ಅದಕ್ಕೆ ಜಮಾ ಕಲಮಿನ ಅಂಕಿಗಳೇ. ಆದ್ದರಿಂದ ಅಂಗಡಿಗೆ ಒಂದು ಖಾತೆ, ಮನೆಗೆ ಇನ್ನೊಂದು ಖಾತೆ ಇಡುವುದು ಜಾಣತನ. ಅಂಗಡಿ ನಡೆಸುವ ಮನೆಯ ಮಕ್ಕಳು ತಿಂಗಳಿಗೊಮ್ಮೆ ತಂದೆ-ತಾಯಿಯ ಜೊತೆ ಕುಳಿತು ಯಾವ ಹಣ ಯಾತರದ್ದೆಂದು ಬರೆದಿಟ್ಟರೆ ಅದು ಪಾಠವೂ ಹೌದು, ರಕ್ಷಣೆಯೂ ಹೌದು.

ಹಣ ನಡುದಾರಿಯಲ್ಲಿ ನಿಂತರೆ

ನಮ್ಮ ಖಾತೆಯಿಂದ ಹಣ ಕಳೆದು ಇನ್ನೊಬ್ಬರಿಗೆ ಜಮಾ ಆಗದಿದ್ದರೆ ಗಾಬರಿ ಬೇಡ. ರಿಸರ್ವ್ ಬ್ಯಾಂಕ್ 2019ರಲ್ಲಿ ಇದಕ್ಕೆ ಗಡುವು ಗೊತ್ತುಮಾಡಿತು. ವ್ಯಕ್ತಿಗೆ ಕಳುಹಿಸಿದ ಹಣವಾದರೆ ಮರುದಿನದೊಳಗೆ, ಅಂಗಡಿಗೆ ಕೊಟ್ಟದ್ದಾದರೆ ಐದು ದಿನಗಳೊಳಗೆ ಅದು ತಾನಾಗಿ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಿಗಬೇಕು. ಈ ಗಾಬರಿಯಲ್ಲಿ ಇಂಟರ್‌ನೆಟ್ಟಿನಲ್ಲಿ ಸಿಕ್ಕ 'ಸಹಾಯವಾಣಿ' ಸಂಖ್ಯೆಗೆ ಕರೆ ಮಾಡಿ ಇನ್ನಷ್ಟು ಕಳೆದುಕೊಳ್ಳುವವರುಂಟು. ಆಪ್‌ನ ಒಳಗೇ ದೂರು ಕೊಡಿ, ಇಲ್ಲವೇ ನಿಮ್ಮ ಬ್ಯಾಂಕಿಗೆ ಹೋಗಿ. ಮೋಸವೇ ಆಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಾರುವ ಮೊದಲೇ ತಡೆಹಿಡಿಯಲು ಬ್ಯಾಂಕುಗಳಿಗೆ ಸೂಚನೆ ಹೋಗಬೇಕಾದ್ದರಿಂದ ಒಂದೊಂದು ನಿಮಿಷವೂ ಅಮೂಲ್ಯ. ನಾಚಿಕೆಯಿಂದ ಮನೆಯಲ್ಲಿ ಮುಚ್ಚಿಟ್ಟು ರಾತ್ರಿ ಕಳೆಯುವುದೇ ಮೋಸಗಾರನಿಗೆ ಸಿಗುವ ದೊಡ್ಡ ಸಹಾಯ. ಆದ್ದರಿಂದ ಹೀಗಾಯಿತೆಂದು ಅಜ್ಜನೋ ಅಮ್ಮನೋ ಹೇಳಿಕೊಂಡಾಗ ಬೈಯಬೇಡಿ. ಮೊದಲು ಕರೆ ಮಾಡಿಸಿ.

ವಿದ್ಯಾರ್ಥಿಗಳೇ, ಹೊಸ ಆಪ್ ಬಳಸುವುದರಲ್ಲಿ ನೀವು ಮನೆಯ ಹಿರಿಯರಿಗಿಂತ ಮುಂದಿದ್ದೀರಿ. ಕೊಡು-ಕೊಳ್ಳುವಿಕೆಯಲ್ಲಿ ಯಾರನ್ನು ನಂಬಬೇಕು, ಯಾರನ್ನು ನಂಬಬಾರದು ಎಂಬುದರಲ್ಲಿ ಅವರು ನಿಮಗಿಂತ ಮುಂದಿದ್ದಾರೆ. ಈ ಎರಡು ತಿಳಿವಳಿಕೆಗಳೂ ಒಂದೇ ಜಗುಲಿಯ ಮೇಲೆ ಕೂಡಬೇಕು. ಇಂದು ಸಂಜೆಯೇ ಒಂದು ಚೌಕವನ್ನು ಮುಂದಿಟ್ಟುಕೊಂಡು ಅವರಿಗೆ ಎರಡು ಮಾತು ತಿಳಿಸಿ: ಚೌಕವೆಂದರೆ ವಿಳಾಸ, ಪಿನ್ ಎಂದರೆ ರುಜು. ಇಷ್ಟು ಮನಸ್ಸಿನಲ್ಲಿ ನಿಂತರೆ ನಾಳೆ ಬರುವ ಹೊಸ ಬಗೆಯ ಮೋಸವನ್ನೂ ಅವರು ತಾವೇ ಗುರುತಿಸಬಲ್ಲರು.