ಮನೆಯ ವೈದ್ಯರ ಕೆಲಸ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ಮನೆಯ ವೈದ್ಯರಿಗೆ ಒಪ್ಪುವಷ್ಟು ಬೇರೆಯವರಿಗೆ ಒಪ್ಪಲಾರದು. ನೆಗಡಿಗೆ ಗುಳಿಗೆ, ಕೆಮ್ಮಿಗೆ ಔಷಧ, ರೋಗ ದೊಡ್ಡದಾದರೆ ಆಸ್ಪತ್ರೆಗೊಂದು ಚೀಟಿ—ಇಷ್ಟೇ ಅವರ ಕೆಲಸವೆಂದು ಹಲವರ ಎಣಿಕೆ. ವೈದ್ಯ ವಿದ್ಯಾರ್ಥಿಗಳಲ್ಲಿಯೂ ಹೀಗೆಣಿಸುವವರುಂಟು. ಈ ಎಣಿಕೆ ಹೇಗೆ ಬೆಳೆಯಿತೆಂಬುದಕ್ಕೆ ಬ್ರಿಟನ್ನಿನ ಇತಿಹಾಸ ಒಳ್ಳೆಯ ಕನ್ನಡಿ.

1948ರ ಜುಲೈ 5ರಂದು ಅಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಜನರು ತಮ್ಮ ನೆರೆಯ ವೈದ್ಯರೊಬ್ಬರಲ್ಲಿ ಹೆಸರು ಬರೆಸಿದರು. ತಜ್ಞರನ್ನು ಕಾಣಲು ಸಾಮಾನ್ಯವಾಗಿ ಆ ವೈದ್ಯರ ಪತ್ರ ಬೇಕಾಯಿತು. ಹೊಣೆ ಹಿರಿದಾಯಿತು, ಗೌರವ ಅದಕ್ಕೆ ತಕ್ಕಂತೆ ಬೆಳೆಯಲಿಲ್ಲ. 1958ರಲ್ಲಿ, ವೈದ್ಯರ ವೇತನವನ್ನು ವಿಚಾರಿಸುತ್ತಿದ್ದ ಆಯೋಗದ ಮುಂದೆ, ಚರ್ಚಿಲ್ಲರ ವೈದ್ಯರಾಗಿದ್ದ ಲಾರ್ಡ್ ಮೋರಾನ್, ಮನೆಯ ವೈದ್ಯರೆಂದರೆ ಏಣಿಯಿಂದ ಜಾರಿಬಿದ್ದವರು ಎಂಬರ್ಥದ ಮಾತನ್ನಾಡಿದರು.

ವಿದ್ಯಾರ್ಥಿಗಳ ಕಣ್ಣಮುಂದೆ ಇದ್ದುದೂ ಆ ಏಣಿಯೇ. ಅವರ ಕಲಿಕೆ ಬಹುಮಟ್ಟಿಗೆ ಆಸ್ಪತ್ರೆಯಲ್ಲಿ, ತಜ್ಞರ ಕೈಕೆಳಗೆ. ಅಲ್ಲಿಗೆ ಬರುವ ರೋಗ ಅನೇಕ ವೇಳೆ ಬಲಿತು ಹೆಸರು ಪಡೆದಿರುತ್ತದೆ. ಹೆಸರಿಲ್ಲದ ಮೊದಲ ಲಕ್ಷಣವನ್ನು ತೂಗಿನೋಡುವ ಕೆಲಸ ಅವರಿಗೆ ಕಾಣುವುದೆಂತು? ಎಡಿನ್‌ಬರೋ ವಿಶ್ವವಿದ್ಯಾನಿಲಯವು 1963ರಲ್ಲಿ ರಿಚರ್ಡ್ ಸ್ಕಾಟ್ ಅವರನ್ನು ಈ ವಿದ್ಯೆಗೆ ಪ್ರಾಧ್ಯಾಪಕರನ್ನಾಗಿ ನೇಮಿಸಿತು. ಜಗತ್ತಿನಲ್ಲಿ ಅಂಥ ಪೀಠ ಅದೇ ಮೊದಲು.

ತಲೆನೋವೆಂದು ಬರುವವರಲ್ಲಿ ಬಹುಮಂದಿಗೆ ಅದು ತಾನಾಗಿ ಇಳಿಯುತ್ತದೆ. ಇಳಿಯದ ಒಂದನ್ನು ಗುರುತಿಸುವುದೇ ವಿದ್ಯೆ. ಅದಕ್ಕೆ ಯಂತ್ರಕ್ಕಿಂತ ಮೊದಲು ಬೇಕಾದುದು ಪರಿಚಯ: ಈತನ ತಂದೆಗೆ ಏನಿತ್ತು, ಹೋದ ವರ್ಷ ಈತನ ಮೈತೂಕ ಎಷ್ಟಿತ್ತು, ಮನೆಯಲ್ಲಿ ಯಾವ ಚಿಂತೆಯಿದೆ ಎಂಬ ತಿಳಿವು.

ಕೆಲವು ರೋಗಗಳಾದರೋ ನೋವನ್ನೇ ಕೊಡುವುದಿಲ್ಲ. ರಕ್ತದ ಒತ್ತಡ ಅಂಥದು. ವೇಲ್ಸ್ ಪ್ರಾಂತದ ಗ್ಲಿನ್‌ಕೊರುಗ್ ಎಂಬ ಕಲ್ಲಿದ್ದಲು ಗಣಿಯ ಹಳ್ಳಿಯಲ್ಲಿ ಡಾ. ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬ ವೈದ್ಯರಿದ್ದರು. ದೂರು ಹೇಳಿಕೊಂಡು ಬಂದವರನ್ನು ಮಾತ್ರ ನೋಡಿ ಕಳುಹಿಸದೆ, 1960ರ ದಶಕದ ಕೊನೆಯಿಂದ ಊರಿನ ವಯಸ್ಕರ ಒತ್ತಡವನ್ನೆಲ್ಲ ಅಳೆದು, ಬರೆದಿಟ್ಟು, ಬೇಕಾದವರಿಗೆ ವರ್ಷಗಟ್ಟಲೆ ಔಷಧ ನಡೆಸಿದರು. 25 ವರ್ಷಗಳ ಆ ಕೆಲಸದ ವರದಿ 1991ರಲ್ಲಿ ಪ್ರಕಟವಾಯಿತು: ಪಕ್ಕದ ಹಳ್ಳಿಗಿಂತ ಇಲ್ಲಿ ಅಕಾಲಮರಣ ಕಡಿಮೆಯಾಗಿತ್ತು. ಬದುಕುಳಿದವರಿಗೆ ತಾವು ಉಳಿದುದೇ ತಿಳಿಯದು. ಈ ಕೆಲಸಕ್ಕೆ ಹೆಸರು ಬಾರದಿರಲು ಇದೂ ಒಂದು ಕಾರಣ.

‘ಮದ್ದು ಬೇಡ, ಎರಡು ದಿನ ನೋಡೋಣ; ಹೆಚ್ಚಾದರೆ ಕೂಡಲೆ ಬನ್ನಿ’ ಎಂದ ವೈದ್ಯರನ್ನು ನಾವು ಏನೂ ಮಾಡದವರೆಂದು ತಿಳಿದು ಬೇರೆ ಬಾಗಿಲು ಹುಡುಕುತ್ತೇವೆ. ಮತ್ತೆ ಅವರ ಬಳಿಗೇ ಹೋಗುವುದು ಲೇಸು. ಮೊದಲ ದಿನ ನೋಡಿದ ಕಣ್ಣಿಗೇ ಮೂರನೆಯ ದಿನದ ವ್ಯತ್ಯಾಸ ಬೇಗ ಕಾಣುತ್ತದೆ.